ಅವನಿಗೆ ಮಾತ್ರ ಕಳಿಸಿದ ಬಣ್ಣ

"ಇದನ್ನ ನಿಮಗೆ ಮಾರಲ್ಲ."

ಅಂಗಡಿಯವನ ಬಾಯಿಂದ ಬಂದ ಮೊದಲ ಮಾತೇ ಇದು!

ಅವಳು ಬೆಚ್ಚಿ ತಿರುಗಿದಳು. ಮೇಜಿನ ಮೇಲಿದ್ದ ದೊಡ್ಡ ಪರದೆಯ ಲ್ಯಾಪ್‌ಟಾಪಿನ ಮೇಲೆ ಅವಳ ಕೈ ಇನ್ನೂ ಹಾಗೇ ಇತ್ತು. ಎದುರಿಗೆ ನಿಂತವನ ಶರ್ಟಿನ ಜೇಬಿನಲ್ಲಿ ಮೂರು ನಾಲ್ಕು ಸ್ಕ್ರೂಡ್ರೈವರು, ಹಣೆಯ ಮೇಲೆ ಏರಿಸಿದ ಭೂತಗನ್ನಡಿ, ಮುಖದ ಮೇಲೆ ನಗುವಿನ ಸುಳಿವೂ ಇಲ್ಲ.

"ಯಾಕೆ? ನಾನು ಕೊಡೋ ದುಡ್ಡು ದುಡ್ಡಲ್ವಾ?"

"ದುಡ್ಡಿನ ಮಾತಲ್ಲ. ಚಿತ್ರ ಬರೆಯೋಕೆ ಬೇಕು ಅಂದ್ರಿ. ಎಲ್ಲಿ ಕೂತು ಬರೀತೀರಿ?"

"ಅದೆಲ್ಲ ನಿಮಗ್ಯಾಕೆ?"

"ಮನೇಲಾ? ಆಫೀಸಲ್ಲಾ?"

"ದೋಣಿಯಲ್ಲಿ!" ಎಂದು ಸಿಡುಕಿದಳು. "ನದಿ ಹುಟ್ಟೋ ಜಾಗದಿಂದ ಸಮುದ್ರ ಸೇರೋ ತನಕ ದೋಣಿ, ಲಾರಿ, ಕಾಲ್ನಡಿಗೆ. ಸಾಕಾ?"

ಅವನು ಆ ಲ್ಯಾಪ್‌ಟಾಪನ್ನು ಎತ್ತಿ ಅವಳ ಎಡಗೈ ಮೇಲೆ ಇಟ್ಟ.

"ಹೀಗೇ ಹಿಡ್ಕೊಂಡು ನಿಂತ್ಕೊಳ್ಳಿ. ಬಲಗೈಯಲ್ಲಿ ಈ ಪೆನ್ನು ತಗೊಂಡು ಪರದೆ ಮೇಲೆ ಆ ಗೋಡೆ ಗಡಿಯಾರ ಬರೀರಿ. ಅರ್ಧ ಮುಗಿಸಿದ್ರೂ ಪ್ಯಾಕ್ ಮಾಡಿ ಕೊಡ್ತೀನಿ."

ಗಡಿಯಾರದ ದುಂಡು ಮುಗಿಯುವಷ್ಟರಲ್ಲಿ ಅವಳ ಮಣಿಕಟ್ಟು ನಡುಗತೊಡಗಿತು.

"ಇದು ಆನೆ ಮೇಡಂ. ಆನೆ ಸಾಕೋರು ಮೇವಿನ ದಾರಿನೂ ನೋಡ್ಕೋಬೇಕು. ಇದರ ಚಾರ್ಜರ್ರೇ ಇಟ್ಟಿಗೆ ಗಾತ್ರ ಇದೆ. ಮಧ್ಯಾಹ್ನದ ಹೊತ್ತಿಗೆ ಪ್ಲಗ್ ಕೇಳುತ್ತೆ. ಹೊಳೆ ನಡುವೆ ಪ್ಲಗ್ ಎಲ್ಲಿ ಹುಡುಕ್ತೀರಿ, ಮೀನಿನ ಬಾಯಲ್ಲಾ?"

ಹಿಂದೆ ನಿಂತಿದ್ದ ಗಿರಾಕಿಯೊಬ್ಬ ಕಿಸಕ್ಕನೆ ನಕ್ಕ. ಅವಳ ಕಿವಿ ಕೆಂಪಾಯಿತು. ಲ್ಯಾಪ್‌ಟಾಪನ್ನು ಧಡಕ್ಕನೆ ಮೇಜಿನ ಮೇಲಿಟ್ಟು ಹೊರಟೇಬಿಟ್ಟಳು.

'ಎಷ್ಟು ಪೊಗರು ಇವನಿಗೆ! ಮಾರೋಕೆ ಕೂತವನೋ, ಪರೀಕ್ಷೆ ಮಾಡೋಕೆ ಕೂತವನೋ!'

ಮನೆಯಲ್ಲಿ ಭಾವನಿಗೆ ಇದಕ್ಕಿಂತ ಒಳ್ಳೆಯ ಮನರಂಜನೆ ಬೇಕಿರಲಿಲ್ಲ. ಭಾವ ದರ್ಜಿ. ಹೊಲಿಗೆ ಯಂತ್ರ ತುಳಿಯುತ್ತಲೇ ಮಾತು ಹೊಲಿಯುವವನು.

"ಮಾರಲ್ಲ ಅಂದನಾ? ಲೇ ಗೀಚಿ, ಅವನನ್ನ ನಾನು ನೋಡ್ಲೇಬೇಕು ಕಣೇ! ಈ ಬಟ್ಟೆ ನಿಮಗೆ ಒಪ್ಪಲ್ಲ ಅಂತ ನಾನು ಒಬ್ಬರಿಗಾದ್ರೂ ಹೇಳಿದ್ದಿದ್ರೆ ನಿಮ್ಮಕ್ಕ ನಾನು ಇಷ್ಟು ಹೊತ್ತಿಗೆ ಉಪವಾಸ ಬೀಳ್ತಿದ್ವಿ."

'ಗೀಚಿ' ಅವಳ ಹುಟ್ಟು ಹೆಸರಲ್ಲ. ಬಾಲ್ಯದಲ್ಲಿ ಮನೆಯ ಗೋಡೆಗಳನ್ನೆಲ್ಲ ಗೀಚಿ ಹಾಕಿದ್ದಕ್ಕೆ ಅಕ್ಕ ಇಟ್ಟ ಹೆಸರು. ಅಪ್ಪ ಅಮ್ಮ ಹೋದ ಮೇಲೆ ಅಕ್ಕನ ಮನೆಯೇ ಅವಳ ಮನೆ. ಅಕ್ಕ ಮಕ್ಕಳ ಕ್ಲಿನಿಕ್ಕಿನಲ್ಲಿ ನರ್ಸು. ಗೀಚಿ ಇಷ್ಟು ವರ್ಷ ಸೋಪಿನ ಡಬ್ಬಿ, ಹಲ್ಲುಜ್ಜುವ ಪೇಸ್ಟಿನ ಡಬ್ಬಿಗಳ ಮೇಲೆ ಹೂವು, ಎಲೆ, ನಗುವ ಮಗು ಬರೆದುಕೊಟ್ಟವಳು. ಈಗ ಮೊದಲ ಸಲ ಒಂದು ಪುಸ್ತಕ ಸಿಕ್ಕಿತ್ತು. ಮಕ್ಕಳಿಗಾಗಿ ಒಂದು ನದಿಯ ಕತೆ, ಪುಟಪುಟಕ್ಕೂ ಚಿತ್ರ. ನದಿಯ ಜೊತೆಗೇ ಹೋಗಿ, ಕಣ್ಣಾರೆ ಕಂಡು, ಅಲ್ಲೇ ಕೂತು ಬರೆಯಬೇಕು ಎಂದು ಸಂಪಾದಕಿ ಹೇಳಿದ್ದರು. ಮುಖಪುಟದ ಮೇಲೆ ಅವಳ ಹೆಸರು ಬರುತ್ತದೆ.

"ಅವನು ಹೇಳಿದ್ದು ತಪ್ಪೇನಿದೆಯೇ?" ಎಂದಳು ಅಕ್ಕ. "ನಿನ್ನ ಕೈ ನೋಡು, ಇನ್ನೂ ನಡುಗ್ತಿದೆ."

ಸತ್ಯ ಹೇಳುವ ಅಕ್ಕಂದಿರಷ್ಟು ಕಿರಿಕಿರಿ ಲೋಕದಲ್ಲಿ ಬೇರೆ ಇಲ್ಲ!

ಮರುದಿನ ಗೀಚಿ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಿದಳು. ಪೇಟೆಯವರೆಲ್ಲ ಅವನನ್ನು 'ರಿಪೇರಿ' ಎಂದೇ ಕರೆಯುತ್ತಿದ್ದರು. ಅವಳನ್ನು ಕಂಡವನೇ ಬೀಗುತ್ತ ಹೇಳಿದ, "ಬರ್ತೀರಿ ಅಂತ ಗೊತ್ತಿತ್ತು."

"ನಿಮ್ಮ ಮುಖ ನೋಡೋಕೆ ಬಂದಿಲ್ಲ. ಆನೆ ಬೇಡ ಅಂದ್ರಲ್ಲ, ಕುದುರೆ ತೋರಿಸಿ."

ಆಗ ಅವನು ನಕ್ಕ. ಆ ನಗು ನೋಡಿ ಅವಳಿಗೆ ಇನ್ನಷ್ಟು ಕೋಪ ಬಂತು... ಯಾಕೆಂದರೆ ಆ ನಗು ಚೆನ್ನಾಗಿತ್ತು.

ಆ ವಾರವೆಲ್ಲ ಅವರಿಬ್ಬರಿಗೂ ಲ್ಯಾಪ್‌ಟಾಪುಗಳನ್ನು ಒಂದೊಂದಾಗಿ ಪರೀಕ್ಷಿಸುವುದೇ ಕೆಲಸ. ಒಂದನ್ನು ಅಂಗಡಿಯ ಮೆಟ್ಟಿಲ ಮೇಲೆ ಬಿಸಿಲಿಗೆ ಹಿಡಿದರೆ ಗಾಜು ಕನ್ನಡಿಯಾಗಿ ಚಿತ್ರದ ಬದಲು ಅವಳ ಮುಖವೇ ಕಾಣುತ್ತಿತ್ತು. ಇನ್ನೊಂದು ಹಗುರವಿತ್ತು, ಆದರೆ ಪೆನ್ನು ಓಡಿದ ಮೇಲೆ ಗೆರೆ ಏದುಸಿರು ಬಿಡುತ್ತ ಹಿಂದೆ ಬರುತ್ತಿತ್ತು.

"ಇದು ಬೇಡ," ಎಂದಳು ಅವಳು.

"ಯಾಕೆ? ಕಣ್ಣಿಗೆ ಕಾಣದಷ್ಟು ತಡ ಅದು."

"ಕಣ್ಣಿಗೆ ಕಾಣಲ್ಲ, ಕೈಗೆ ಕಾಣುತ್ತೆ. ಗೆರೆ ಪೆನ್ನಿನ ಹಿಂದೆ ಬರಬಾರದು ರೀ. ಪೆನ್ನಿನ ತುದೀಲೇ ಹುಟ್ಟಬೇಕು."

ಅವನು ಆ ಮಾತು ಕೇಳಿ ಅವಳನ್ನೇ ನೋಡುತ್ತ ನಿಂತುಬಿಟ್ಟ.

ಕೊನೆಗೆ ಒಂದು ಸಿಕ್ಕಿತು. ಪರದೆಯನ್ನು ಹಿಂದಕ್ಕೆ ಮಡಚಿದರೆ ಸ್ಲೇಟಿನ ಹಾಗೆ ತೊಡೆಯ ಮೇಲೆ ಕೂರುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಪ್ಲಗ್ಗಿನ ಹಂಗಿಲ್ಲ. ನುಣುಪು ಗಾಜಿನ ಮೇಲೆ ಪೆನ್ನು ಜಾರದಿರಲೆಂದು ಅವನು ಕಾಗದದಂತೆ ತರಿತರಿಯಾದ ಹಾಳೆಯೊಂದನ್ನು ಅಂಟಿಸಿಕೊಟ್ಟ. ಅವಳು ಬರೆದು ನೋಡಿದಳು. ಸರಸರ ಸದ್ದು! ಗೋಡೆ ಗೀಚುತ್ತಿದ್ದ ಬಾಲ್ಯದ ಸದ್ದು!

"ಅಬ್ಬಾ! ಆದ್ರೆ ಕಣ್ಣು ಉರಿಯೋದಕ್ಕೆ ಮಾತ್ರ ಮದ್ದಿಲ್ಲ. ಈ ಬಿಳಿ ಬೆಳಕು ನೋಡಿ ನೋಡಿ ಸಂಜೆ ಆದ್ರೆ ಕಣ್ಣಲ್ಲಿ ಮರಳು ಹೊಯ್ದ ಹಾಗೆ," ಎಂದು ಕಣ್ಣುಜ್ಜಿಕೊಂಡಳು.

ಅವನು ಅದನ್ನು ಕೇಳಿಸಿಕೊಂಡ. ಮನಸ್ಸಿನಲ್ಲಿಟ್ಟುಕೊಂಡ. ಇಡಬಾರದಿತ್ತು...

ಪಯಣದ ಮುನ್ನಾದಿನ ಇಬ್ಬರೂ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತಿದ್ದರು. ಟೀ ಲೋಟ ಆರುತ್ತಿತ್ತು. 'ನೀವು' ಹೋಗಿ 'ನೀನು' ಬಂದು ಆಗಲೇ ಕೆಲವು ದಿನವಾಗಿತ್ತು.

"ನನಗೆ ಮಾತು ಬರಲ್ಲ. ರಿಪೇರಿ ಬರುತ್ತೆ ಅಷ್ಟೆ," ಎಂದ ಅವನು ನೆಲ ನೋಡುತ್ತ. "ನಿನ್ನ ಜೊತೆ ಇರಬೇಕು ಅನ್ಸುತ್ತೆ. ಯಾವಾಗ್ಲೂ."

ಅವಳು ಟೀ ಲೋಟ ಎತ್ತಿ, ಕುಡಿಯದೆ ಹಾಗೇ ಕೆಳಗಿಟ್ಟಳು.

"ನದಿ ಮುಗಿಸ್ಕೊಂಡು ಬರ್ತೀನಿ. ಬಂದ ದಿನವೇ ಉತ್ತರ ಹೇಳ್ತೀನಿ."

"ಹೋಗ್ಲೇಬೇಕಾ? ಬೇರೆ ಯಾರನ್ನಾದ್ರೂ ಕಳಿಸಲ್ವಾ ಅವರು?"

ಅವಳ ಮುಖ ಬಾಡಿತು.

"ಸೋಪಿನ ಡಬ್ಬಿ ಮೇಲೆ ಹೂ ಯಾರು ಬರೆದಿದ್ದು ಅಂತ ಯಾವತ್ತಾದ್ರೂ ಕೇಳಿದ್ದೀಯಾ? ಯಾರೂ ಕೇಳಲ್ಲ. ಸ್ನಾನ ಮಾಡ್ತಾರೆ, ಡಬ್ಬಿ ಬಿಸಾಕ್ತಾರೆ. ಈ ಪುಸ್ತಕದ ಮೇಲೆ ನನ್ನ ಹೆಸರಿರುತ್ತೆ. ಬೇರೆಯವರನ್ನ ಕಳಿಸು ಅಂತ ಮಾತ್ರ ಹೇಳಬೇಡ."

"ಆಯ್ತು, ಹೋಗು," ಎಂದ. ಬಾಯಿ ಮಾತ್ರ ಹೇಳಿತು.

ಆ ಸಂಜೆ ಅವಳ ಕಂಪ್ಯೂಟರನ್ನು ಕೊನೆಯ ಸಲ ಸಿದ್ಧಮಾಡಿ ಕೊಟ್ಟವನು ಅವನೇ.

*

ಆ ನದಿ! ಅದನ್ನೇನು ಹೇಳುವುದು! ಬಂಡೆಯ ಸಂದಿನಿಂದ ಬೆರಳು ದಪ್ಪಕ್ಕೆ ಹೊರಟದ್ದು, ದಿನ ಕಳೆದಂತೆ ಮೈದುಂಬಿ, ಒಂದು ಕಡೆ ಎಮ್ಮೆಗಳ ಬೆನ್ನು ತೊಳೆದು, ಇನ್ನೊಂದು ಕಡೆ ಮರಳು ಲಾರಿಗಳಿಗೆ ಬೈದು, ಹರಿಯುತ್ತ ಹೋಯಿತು. ಅವಳು ದೋಣಿಯ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬರೆದಳು. ಲಾರಿಯ ಹಿಂದೆ ಮೂಟೆಗಳ ಮೇಲೆ ಕೂತು ಬರೆದಳು. ಹುಟ್ಟುಹಾಕುವ ಹೆಂಗಸಿನ ಬಿಸಿಲುಂಡ ಕೆನ್ನೆ, ಸಂಜೆಯ ತಾಮ್ರದ ನೀರು, ಜೊಂಡುಹುಲ್ಲು... ಕಣ್ಣೆದುರಿನ ಬಣ್ಣವನ್ನು ಪರದೆಯ ಬಣ್ಣದ ಪಕ್ಕಕ್ಕಿಟ್ಟು, ಎರಡೂ ಒಂದಾಗುವವರೆಗೆ ಬೆರೆಸಿದಳು. ಬರೆಯುತ್ತ ಹಾಡಿಕೊಳ್ಳುತ್ತಿದ್ದಳು. ಹಾಡುವ ಅಭ್ಯಾಸ ಅವಳಿಗೆ ಹಿಂದೆಂದೂ ಇರಲಿಲ್ಲ.

ಇನ್ನೊಂದು ಸೋಜಿಗ. ಕಣ್ಣು ಉರಿಯಲೇ ಇಲ್ಲ. ಪರದೆ ಹಳೆಯ ಕಾಗದದಂತೆ ಹಿತವಾಗಿತ್ತು, ಸಂಜೆಯಾದಂತೆ ಇನ್ನೂ ಹಿತ. 'ಎಂಥಾ ಒಳ್ಳೇದು ಆರಿಸಿಕೊಟ್ಟ ಮಾರಾಯ!' ಎಂದುಕೊಂಡಳು.

ಪ್ರಕಾಶಕರಿಗೆ ವಾರವಾರ ಕಪ್ಪುಬಿಳುಪಿನ ಸಣ್ಣ ಪ್ರತಿಗಳನ್ನು ಮಾತ್ರ ಕಳಿಸುತ್ತಿದ್ದಳು. ಮೊದಲು ಗೆರೆ ಒಪ್ಪಿಗೆಯಾಗಬೇಕು, ಬಣ್ಣ ಕೊನೆಗೆ ಒಟ್ಟಿಗೆ ನೋಡುವುದು. ಅದು ಅವರ ಪದ್ಧತಿ. ನದಿಯ ದಾರಿಯಲ್ಲಿ ನೆಟ್‌ವರ್ಕ್ ಸಿಗುವುದೂ ಕಷ್ಟ. ಆದರೂ ಸಿಕ್ಕಿದ ಸಂಜೆಯೆಲ್ಲ ಒಂದೇ ಒಂದು ಚಿತ್ರವನ್ನು ಪೂರ್ತಿ ಬಣ್ಣದಲ್ಲಿ ಆ ಕಂಪ್ಯೂಟರಿನಿಂದಲೇ ಒಬ್ಬನಿಗೆ ಕಳಿಸುತ್ತಿದ್ದಳು. ಅಕ್ಕನಿಗೂ ಇಲ್ಲ. ಅವನಿಗೆ ಮಾತ್ರ.

ಅವನಿಂದ ಒಂದೇ ಉತ್ತರ. "ಚೆನ್ನಾಗಿದೆ."

'ಮಾತಿನ ಜಿಪುಣ!' ಎಂದು ನಗುತ್ತಿದ್ದಳು. ಆ ಒಂದು ಪದವನ್ನೇ ಮತ್ತೆ ಮತ್ತೆ ಓದುತ್ತಿದ್ದಳು.

ಸಮುದ್ರ ಕಂಡ ದಿನ ದೋಣಿಯಲ್ಲಿ ಎದ್ದು ನಿಂತು ಕೂಗಿದಳು. ಊರಿಗೆ ಮರಳುವಾಗ ಉತ್ತರವನ್ನು ಬಾಯಿಪಾಠ ಮಾಡಿಕೊಂಡಿದ್ದಳು. 'ಹೂಂ' ಅಂತ ಒಂದೇ ಮಾತು. ಅವನು ಜಿಪುಣನಾದರೆ ತಾನೂ ಜಿಪುಣಿ!

ಮೊದಲು ಪ್ರಕಾಶಕರ ಆಫೀಸು. ಆಮೇಲೆ ಅವನು.

*

ಆಫೀಸಿನ ದೊಡ್ಡ ಪರದೆಯ ಮೇಲೆ ಮೊದಲ ಚಿತ್ರ ತೆರೆಯಿತು. ಅಚ್ಚಿನ ಬಣ್ಣ ನೋಡಿಕೊಳ್ಳುವ ಹಿರಿಯರನ್ನು ಎಲ್ಲರೂ ಬಣ್ಣದ ಮೇಷ್ಟ್ರು ಎನ್ನುತ್ತಿದ್ದರು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಏನಮ್ಮ ಇದು? ಎಲ್ಲಾ ಸತ್ತುಹೋಗಿದ್ದಾರಲ್ಲ!"

ಅವಳು ನೋಡಿದಳು.

ಹುಟ್ಟುಹಾಕುವ ಹೆಂಗಸಿನ ಕೆನ್ನೆ ನೀಲಿ. ನೀರಾಟದ ಮಕ್ಕಳ ಬೆನ್ನು ನೀಲಿ. ತಾಮ್ರದ ಸಂಜೆ ಸೀಸದ ಹಾಗೆ ತಣ್ಣಗೆ. ಪುಟದ ಮೇಲೆ ಪುಟ, ನೀರಿನಿಂದ ಈಗಷ್ಟೇ ಎತ್ತಿದ ಹೆಣಗಳ ಮೆರವಣಿಗೆ.

"ನಾನು ಹೀಗೆ ಬರೆದಿಲ್ಲ... ಇಲ್ಲಿ ನೋಡಿ, ಇದರಲ್ಲಿ ನೋಡಿ ಸರ್!" ಎಂದು ಚೀಲದಿಂದ ತನ್ನ ಕಂಪ್ಯೂಟರ್ ತೆಗೆದು ತೆರೆದಳು.

ಅದರಲ್ಲಿ ಎಲ್ಲ ಸರಿಯಾಗಿತ್ತು. ಜೀವ ತುಂಬಿತ್ತು. ಮೇಷ್ಟ್ರು ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕಕ್ಕೆ ಹಿಡಿದು ನೋಡಿದರು, ಸೆಟ್ಟಿಂಗ್ ತೆರೆದರು, ನಿಟ್ಟುಸಿರು ಬಿಟ್ಟರು.

"ನಿನ್ನ ಕಂಪ್ಯೂಟರಿಗೆ ಕಾಮಾಲೆ ಆಗಿದೆ ಕಣಮ್ಮ. ಕಣ್ಣಿಗೆ ಹಿತ ಅಂತ ಪರದೆಗೆ ಹಳದಿ ಹಚ್ಚೋ ವ್ಯವಸ್ಥೆ ಇದು. ಯಾರೋ ಹಾಕಿಟ್ಟಿದ್ದಾರೆ. ಹಳದಿ ಗಾಜಿನ ಹಿಂದೆ ಕೂತು ಬಣ್ಣ ಬೆರೆಸಿದ್ದೀಯ. ಆ ಹಳದೀನ ಮೀರಿಸೋಕೆ ನಿನಗೇ ಗೊತ್ತಿಲ್ಲದೆ ನೀಲಿ ಸುರೀತಾ ಹೋಗಿದ್ದೀಯ."

"ಸರಿ ಮಾಡಬಹುದಲ್ವಾ ಸರ್? ಒಂದೇ ಸಲಕ್ಕೆ ಎಲ್ಲಾನೂ..."

"ಒಂದೇ ಸಮ ಇದ್ದಿದ್ರೆ ಮಾಡಬಹುದಿತ್ತು. ಇದು ಮಧ್ಯಾಹ್ನ ತೆಳ್ಳಗೆ, ಹೊತ್ತು ಇಳಿದಂಗೆ ಗಟ್ಟಿ. ಒಂದು ಪುಟದಲ್ಲೇ ಒಂದೊಂದು ಮೂಲೆ ಒಂದೊಂದು ಥರ. ಮುಖ ಸರಿ ಮಾಡಿದ್ರೆ ನೀರು ಕೆಸರಾಗುತ್ತೆ."

ಸಂಪಾದಕಿ ಕೆಟ್ಟವರಲ್ಲ. ಆದರೆ ಶಾಲೆ ತೆರೆಯುವ ಮುಂಚೆ ಪುಸ್ತಕ ಹೊರಬರಬೇಕಿತ್ತು, ಅಚ್ಚಿನ ದಿನ ನಿಗದಿಯಾಗಿತ್ತು. ಅವಳ ಗೆರೆಗಳನ್ನಿಟ್ಟುಕೊಂಡು, ಬಣ್ಣ ತುಂಬಲು ಕೈಕೆಳಗೆ ನಾಲ್ಕು ಜನರಿದ್ದ ಬೇರೊಬ್ಬ ಕಲಾವಿದನಿಗೆ ಕೊಟ್ಟರು. ಮುಖಪುಟದ ಮೇಲೆ ಅವನ ಹೆಸರು ಬರುತ್ತದೆ ಎಂದರು.

"ಯಾರು ಹಾಕಿದ್ದಮ್ಮ ಅದನ್ನ? ಬೇಕು ಅಂತಲೇ ಕೆಡಿಸಿದ ಹಾಗಿದೆ," ಎಂದರು ಮೇಷ್ಟ್ರು, ಅವಳು ಹೊರಡುವಾಗ.

ಬೇಕು ಅಂತಲೇ...

ಆ ಮಾತು ಅವಳ ಜೊತೆಗೇ ಬೀದಿಗಿಳಿಯಿತು. 'ಹೋಗ್ಲೇಬೇಕಾ? ಬೇರೆ ಯಾರನ್ನಾದ್ರೂ ಕಳಿಸಲ್ವಾ?' ಎಂದವನ ಮುಖ ಕಣ್ಣೆದುರು ಬಂತು. ಕೊನೆಯ ಸಂಜೆ ಈ ಕಂಪ್ಯೂಟರ್ ಇದ್ದದ್ದು ಯಾರ ಕೈಯಲ್ಲಿ?

ಅಂಗಡಿಗೆ ನುಗ್ಗಿದಳು. ಅವನು ಎದ್ದು ನಿಂತ. ಅವನ ಮುಖವೆಲ್ಲ ನಗು, ಕಣ್ಣಿನಲ್ಲಿ 'ಉತ್ತರ ತಂದೆಯಾ?' ಎಂಬ ಪ್ರಶ್ನೆ. ಅವಳು ಕಂಪ್ಯೂಟರನ್ನು ಮೇಜಿನ ಮೇಲೆ ಬಡಿದಿಟ್ಟಳು.

"ಪರದೆಗೆ ಹಳದಿ ಹಾಕಿದ್ದು ಯಾರು?"

ನಗು ಅಳಿಸಿಹೋಯಿತು. "ಕಣ್ಣಿನ ರಕ್ಷಣೇದಾ? ...ನಾನೇ."

"ನನಗೆ ಹೇಳದೆ?"

"ಹೇಳಲಿಲ್ಲ."

"ನನ್ನ ಪುಸ್ತಕ ಹೋಯ್ತು! ಎಲ್ಲಾ ನೀಲಿ! ಹೆಣಗಳ ಹಾಗೆ! ಬೇರೆಯವನ ಹೆಸರು ಹಾಕ್ತಾರಂತೆ!" ಅವಳು ಪರದೆಯತ್ತ ಬೆರಳು ತೋರಿಸಿದಳು. "ನಾನು ಹೋಗೋದು ನಿಮಗೆ ಇಷ್ಟ ಇರಲಿಲ್ಲ. ಬಾಯಲ್ಲಿ ಹೋಗು ಅಂದ್ರಿ, ಕೈಯಲ್ಲಿ ಹಾಳು ಮಾಡಿದ್ರಿ. ಅಲ್ವಾ? ಅಲ್ಲ ಅಂತ ಹೇಳಿ!"

ಆ 'ನೀವು' ಅವನಿಗೆ ಚಾಕುವಿನ ಹಾಗೆ ಇಳಿಯಿತು. ಬಾಯಿ ತೆರೆದ. ಏನೋ ಹೇಳಲು ಹೊರಟು, ಏನೋ ನೆನಪಾದವನಂತೆ ಮುಖ ಬಿಳಿಚಿಕೊಂಡು ಬಾಯಿ ಮುಚ್ಚಿದ. ತಲೆ ತಗ್ಗಿಸಿದ.

ಅವಳಿಗೆ ಅಷ್ಟೇ ಸಾಕಾಯಿತು.

"ಇದನ್ನ ನೀವೇ ಇಟ್ಕೊಳ್ಳಿ. ನನ್ನ ಉತ್ತರಾನೂ ಇದರ ಜೊತೆಗೇ ಇದೆ."

ಪೆನ್ನನ್ನೂ ಅಲ್ಲೇ ಬಿಟ್ಟು ಹೊರಟುಹೋದಳು.

*

ಮತ್ತೆ ಸೋಪಿನ ಡಬ್ಬಿ. ಮತ್ತೆ ಹೂವು, ಎಲೆ, ನಗುವ ಮಗು.

ಪುಸ್ತಕ ಬಂತು. ಚೆನ್ನಾಗಿ ಮಾರಾಟವಾಯಿತು. ಅಕ್ಕನ ಕ್ಲಿನಿಕ್ಕಿನಲ್ಲಿ ಸರದಿ ಕಾಯುವ ಮಕ್ಕಳು ಅದನ್ನೇ ತಿರುವುತ್ತಿದ್ದರು. ಒಳಪುಟದ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ರೇಖೆಗಳ ನೆರವು' ಎಂದು ಅವಳ ಹೆಸರಿತ್ತು. ಅಕ್ಕ ಒಮ್ಮೆ ಆ ಪುಸ್ತಕವನ್ನು ಕಪಾಟಿನ ಹಿಂದೆ ಬಚ್ಚಿಟ್ಟಳು. ಆಮೇಲೆ ಮಕ್ಕಳು ಅತ್ತರೆಂದು ತೆಗೆದುಕೊಟ್ಟಳು.

ಭಾವ ಮಾತ್ರ ಒಂದು ದಿನ ಹೊಲಿಗೆ ನಿಲ್ಲಿಸಿ ಕೇಳಿದ, "ಗೀಚಿ, ಹೊಟ್ಟೆಕಿಚ್ಚಿಗೆ ಕೆಡಿಸೋನು ಸಿಕ್ಕಿಬಿದ್ದಾಗ ನೂರು ಸುಳ್ಳು ಹೇಳ್ತಾನೆ. ಅವನು ಒಂದೂ ಹೇಳಲಿಲ್ವಲ್ಲ, ಯಾಕೆ?"

"ಹೇಳೋಕೆ ಮುಖ ಇರಲಿಲ್ಲ."

"ಹಾಗಂತೀಯಾ..." ಎಂದು ಮತ್ತೆ ಯಂತ್ರ ತುಳಿದ.

ಗಂಟಲಲ್ಲಿ ಮುಳ್ಳು ಸಿಕ್ಕಿಸಿ ಸುಮ್ಮನಾಗುವುದು ಭಾವನ ಹಳೆಯ ಚಾಳಿ.

ವರುಷ ತಿರುಗಿತು. ಸಂಪಾದಕಿಯ ಮನಸ್ಸಿನಲ್ಲೂ ಏನೋ ಕೊರೆಯುತ್ತಿದ್ದಿರಬೇಕು. ಕರೆದು ಹೇಳಿದರು, "ಸಮುದ್ರದ ಅಂಚಿನ ದೀಪಸ್ತಂಭಗಳ ಬಗ್ಗೆ ಒಂದು ಪುಸ್ತಕ ಇದೆ. ಹೋಗ್ತೀಯಾ? ಈ ಸಲ ಬಣ್ಣಾನೂ ವಾರವಾರ ಕಳಿಸು. ನಾವೂ ಪಾಠ ಕಲಿತಿದ್ದೀವಿ."

ಹೋಗುತ್ತಾಳೆ! ಹೋಗದೆ ಇರುತ್ತಾಳೆಯೇ!

ಕಂಪ್ಯೂಟರ್ ಬೇಕಲ್ಲ. ಪೇಟೆಯ ಬೇರೆ ಅಂಗಡಿಗಳನ್ನೆಲ್ಲ ಸುತ್ತಿದಳು. ಅವರು ಏನು ಕೇಳಿದರೂ ಕೊಡಲು ಸಿದ್ಧ. "ತಗೊಳ್ಳಿ ಮೇಡಂ, ಬೆಸ್ಟ್ ಇದು!" ಎಡಗೈಯಲ್ಲಿ ಹಿಡಿದು ನಿಂತರೆ ವಿಚಿತ್ರವಾಗಿ ನೋಡುತ್ತಿದ್ದರು. ಬಿಸಿಲಿಗೆ ಒಯ್ಯುತ್ತೇನೆಂದರೆ ಸೆಕ್ಯುರಿಟಿಯವನು ತಡೆಯುತ್ತಿದ್ದ. ಒಂದರಲ್ಲಿ ಗೆರೆ ತಡ, ಒಂದರಲ್ಲಿ ಭಾರ, ಒಂದು ಬೆರಳು ಸುಡುವಷ್ಟು ಬಿಸಿ. ಪ್ರತಿ ಅಂಗಡಿಯಲ್ಲೂ ಅವಳ ಕೈ ಅವನು ಕಲಿಸಿದ ಪರೀಕ್ಷೆಯನ್ನೇ ಮಾಡುತ್ತಿತ್ತು. ಅದು ತಿಳಿದಾಗ ಕೈಯನ್ನೇ ಕತ್ತರಿಸಿಕೊಳ್ಳುವಷ್ಟು ಕೋಪ ಬಂತು.

"ನಿನ್ನ ಕಂಪ್ಯೂಟರ್ ಅವನ ಹತ್ರನೇ ಇದೆಯಲ್ಲ," ಎಂದಳು ಅಕ್ಕ. "ಅದು ನಿನ್ನ ವಸ್ತು. ಹೋಗಿ ತಗೊಂಡು ಬಾ. ಅವನನ್ನ ಮಾತಾಡಿಸಬೇಕು ಅಂತೇನಿಲ್ಲ."

ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಆ ಮೆಟ್ಟಿಲು ಹತ್ತಿದಳು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅವನು ಬಡವಾಗಿದ್ದ. ಅವಳನ್ನು ಕಂಡು ಎದ್ದ. ಅವಳು ಏನೂ ಕೇಳುವ ಮೊದಲೇ ಮೇಲಿನ ಕಪಾಟಿನಿಂದ ಬಟ್ಟೆಯಲ್ಲಿ ಸುತ್ತಿಟ್ಟದ್ದನ್ನು ತಂದು ಮುಂದಿಟ್ಟ. ಮೇಲೆ ಪೆನ್ನು.

"ಆನ್ ಆಗುತ್ತಾ?" ಎಂದಳು ಒಣದನಿಯಲ್ಲಿ.

"ಆಗುತ್ತೆ. ಹಾಗೇ ಬಿಟ್ರೆ ಬ್ಯಾಟರಿ ಸಾಯುತ್ತೆ ಅಂತ ಆಗಾಗ ಚಾರ್ಜ್ ಮಾಡ್ತಿದ್ದೆ. ಬೇರೇನೂ ಮುಟ್ಟಿಲ್ಲ. ...ಆ ಹಳದೀನೂ."

"ಯಾಕೆ ತೆಗೀಲಿಲ್ಲ?"

"ನನ್ನ ಕೈ ಹಾಕಿದ್ದು ಒಂದ್ಸಲ ಸಾಕಲ್ವಾ?"

ಅವಳು ಪರದೆ ತೆರೆದಳು. ನದಿ ಅಲ್ಲೇ ಇತ್ತು. ಹುಟ್ಟುಹಾಕುವ ಹೆಂಗಸು ಬಿಸಿಲುಂಡ ಕೆನ್ನೆಯಲ್ಲಿ ನಗುತ್ತಿದ್ದಳು. ಸೆಟ್ಟಿಂಗಿಗೆ ಹೋಗಿ ಅದನ್ನು ಒತ್ತಿದಳು.

ಹಳದಿ ಇಳಿಯಿತು. ಹೆಂಗಸು ನೀಲಿಯಾದಳು. ಅವಳ ಕಣ್ಣೆದುರೇ, ಅವಳ ಬೆರಳಿನಿಂದಲೇ ಆ ಮುಖ ಸತ್ತಿತು.

ಗೀಚಿ ತುಟಿ ಕಚ್ಚಿಕೊಂಡಳು. ಅಳಬಾರದು. ಇವನ ಮುಂದೆ ಅಳಬಾರದು...

"ಈ ಚಿತ್ರ ನನಗೆ ಹೀಗೇ ಬಂದಿತ್ತು," ಎಂದ ಅವನು.

"ಏನು?"

"ನೀನು ಕಳಿಸಿದ್ದೆಲ್ಲ ನನ್ನ ಫೋನಲ್ಲಿ ಹೀಗೇ ಕಾಣ್ತಿತ್ತು. ನೀಲಿ. ಮೊದಲ ದಿನದಿಂದ."

ಅವಳು ನಿಧಾನವಾಗಿ ತಲೆಯೆತ್ತಿದಳು. ಇದನ್ನು ಅವಳು ಯಾವತ್ತೂ ಯೋಚಿಸಿರಲಿಲ್ಲ! ಬಣ್ಣ ನೋಡಿದವನು ಲೋಕದಲ್ಲಿ ಇವನೊಬ್ಬನೇ. ಒಂದು ಮಾತು ಹೇಳಿದ್ದರೆ, ಒಂದೇ ಒಂದು ಮಾತು...

"ನೋಡಿದ್ರಾ? ನೋಡಿ ಸುಮ್ಮನಿದ್ರಾ?"

"ಕಣ್ಣಿಗೆ ಉರಿ ಅಂದಿದ್ದೆಯಲ್ಲ, ಅದಕ್ಕೇ ಆ ಹಳದಿ ಹಾಕಿದ್ದು. ಹೇಳಿದ್ರೆ ಬೇಡ ಅಂತೀಯ ಅಂತ ಹೇಳಲಿಲ್ಲ. ಬಣ್ಣ ಕೆಡುತ್ತೆ ಅನ್ನೋದು ನನ್ನ ತಲೆಗೇ ಹೊಳೀಲಿಲ್ಲ. ತಂತಿ, ಬ್ಯಾಟರಿ ಗೊತ್ತಿರೋನಿಗೆ ಬಣ್ಣ ಏನು ಗೊತ್ತು? ಆ ತಪ್ಪು ಅಷ್ಟೇ ಆಗಿದ್ರೆ ಅವತ್ತೇ ಕಾಲು ಹಿಡ್ಕೊಂಡು ಹೇಳ್ತಿದ್ದೆ."

"ಮತ್ತೆ?"

ಅವನು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ.

"ನೀಲಿ ಚಿತ್ರ ಬಂತಲ್ಲ... ಇವಳು ದುಃಖದಲ್ಲಿದ್ದಾಳೆ ಅಂದ್ಕೊಂಡೆ. ನನ್ನ ಬಿಟ್ಟು ಹೋಗಿ ಸಂಕಟಪಡ್ತಿದ್ದಾಳೆ, ಅದಕ್ಕೇ ಲೋಕ ಎಲ್ಲಾ ಹೀಗೆ ಸತ್ತ ಹಾಗೆ ಕಾಣ್ತಿದೆ ಅಂತ. ಅದನ್ನ ನೋಡಿ ನಾನು..." ಅವನು ಕಣ್ಣು ಬೇರೆಡೆ ತಿರುಗಿಸಿದ. "ಖುಷಿಪಟ್ಟೆ. ಪ್ರತಿ ಸಂಜೆ. ಚೆನ್ನಾಗಿದೆ ಅಂತ ಬರೆದೆನಲ್ಲ, ಚಿತ್ರಕ್ಕಲ್ಲ. ನೀನು ಅಳ್ತಿದ್ದೀಯ ಅಂತ ಚೆನ್ನಾಗಿತ್ತು ನನಗೆ."

ಅವನು ಮೇಜಿನ ಮೇಲಿದ್ದ ಪೆನ್ನನ್ನು ಅವಳತ್ತ ಸರಿಸಿದ.

"ಅವತ್ತು ನೀನು ಬೈದಾಗ ಅದೇ ನೆನಪಾಯ್ತು. ಕಾಳಜಿಯಿಂದ ಮಾಡಿದೆ ಅಂದಿದ್ರೆ ನೀನು ಕ್ಷಮಿಸಿಬಿಡ್ತಿದ್ದೆ. ಅರ್ಧ ಸತ್ಯ ಹೇಳಿ ಪೂರ್ತಿ ಕ್ಷಮೆ ತಗೊಳ್ಳೋಕೆ ಬಾಯಿ ಬರಲಿಲ್ಲ. ಇನ್ನರ್ಧ ಹೇಳೋಕೆ ಧೈರ್ಯ ಇರಲಿಲ್ಲ."

ಅವಳಿಗೆ ನಗು ಬಂತು. ಕಹಿ ನಗು, ಬೇವಿನೆಲೆ ಜಗಿದ ಹಾಗೆ.

"ನಾನು ಆ ನದಿ ಮೇಲೆ ಹೇಗಿದ್ದೆ ಗೊತ್ತಾ? ಹಾಡ್ತಿದ್ದೆ! ಹುಟ್ಟಿದಾಗಿನಿಂದ ಅಷ್ಟು ಖುಷಿಯಾಗಿ ಯಾವತ್ತೂ ಇರಲಿಲ್ಲ. ಹಗಲೆಲ್ಲ ನಿನ್ನ ನೆನಪೂ ಇರ್ತಿರಲಿಲ್ಲ, ಕೇಳಿಸ್ಕೋ! ಸಂಜೆ ಆದ್ರೆ ಮಾತ್ರ... ಇಷ್ಟೊಂದು ಖುಷೀನ ಒಬ್ಬಳೇ ಹೇಗೆ ಇಟ್ಕೊಳ್ಳೋದು ಅನ್ನಿಸೋದು. ಯಾರಿಗಾದ್ರೂ ಕೊಡಬೇಕು ಅನ್ನಿಸಿದ್ರೆ ನಿನ್ನ ಮುಖಾನೇ ಬರ್ತಿತ್ತು. ಅದಕ್ಕೇ ಕಳಿಸ್ತಿದ್ದೆ. ನಿನಗೆ ಮಾತ್ರ."

"ನಾನು ಅದನ್ನ ಅಳು ಅಂದ್ಕೊಂಡೆ," ಎಂದ ಅವನು ಪಿಸುದನಿಯಲ್ಲಿ.

"ಅಳು ಬೇಕಾಗಿತ್ತು ನಿನಗೆ. ಅದಕ್ಕೇ ಅಳು ಕಾಣ್ತು. ಕಾಮಾಲೆ ನನ್ನ ಕಂಪ್ಯೂಟರಿಗಲ್ಲ, ನಿನಗೆ!"

ಅವನ ಕಣ್ಣಿಂದ ಒಂದು ಹನಿ ಮೇಜಿನ ಮೇಲೆ ಬಿತ್ತು. ಅದನ್ನು ಮರೆಸಲು ಸ್ಕ್ರೂಡ್ರೈವರನ್ನು ಅದರ ಮೇಲಿಟ್ಟ. ದಡ್ಡ! ಸ್ಕ್ರೂಡ್ರೈವರಿನಿಂದ ಯಾರಾದರೂ ಕಣ್ಣೀರು ಮುಚ್ಚುತ್ತಾರೆಯೇ!

ಅವಳು ಬಾಗಿಲವರೆಗೂ ಹೋದಳು. ಹೋಗಿಬಿಡಬಹುದಿತ್ತು. ಕಂಪ್ಯೂಟರ್ ಕಂಕುಳಲ್ಲಿತ್ತು, ಬಂದ ಕೆಲಸ ಮುಗಿದಿತ್ತು. ಆದರೆ ಭಾವ ಚುಚ್ಚಿಟ್ಟಿದ್ದ ಮುಳ್ಳು ಈಗ ಗಂಟಲಿನಿಂದ ಹೊರಬಂದಿತ್ತು. ಇವನು ಒಂದೂ ಸುಳ್ಳು ಹೇಳಿರಲಿಲ್ಲ. ಹೇಳಿ ಗೆಲ್ಲಬಹುದಾಗಿದ್ದ ಜಾಗದಲ್ಲಿ ಸುಮ್ಮನಿದ್ದು ಸೋತಿದ್ದ.

"ಹೊರಗೆ ಬಾ," ಎಂದಳು ತಿರುಗದೆ.

"ಏನು?"

"ಬಿಸಿಲಿಗೆ ಬಾ ಅಂದೆ. ಕಿವಿ ಕೇಳಲ್ವಾ?"

ಅವನು ಮೆಟ್ಟಿಲ ಮೇಲೆ ಬಂದು ಕೂತ. ಅವಳು ಎದುರಿಗೆ ಕೂತು ಪರದೆಯನ್ನು ಹಿಂದಕ್ಕೆ ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಸೆಟ್ಟಿಂಗುಗಳನ್ನು ಒಂದೊಂದಾಗಿ ತಾನೇ ನೋಡಿದಳು. ಚೀಲದಿಂದ ಬಿಳಿ ಹಾಳೆ ತೆಗೆದು ಪರದೆಯ ಪಕ್ಕಕ್ಕೆ ಹಿಡಿದು ಬಿಳಿ ಬಿಳಿಯೇ ಹೌದೆಂದು ಖಚಿತ ಮಾಡಿಕೊಂಡಳು. ಆಮೇಲೆ ಪೆನ್ನೆತ್ತಿದಳು.

"ಅಲ್ಲಾಡಬೇಡ."

"ನನ್ನನ್ನ ಬರೀತೀಯಾ?"

"ಬಣ್ಣ ಸರಿ ಇದೆಯಾ ನೋಡೋಕೆ ಒಂದು ಮುಖ ಬೇಕು. ಬೇರೆ ಯಾರೂ ಇಲ್ಲ ಇಲ್ಲಿ."

ಸರಸರ ಸದ್ದು. ಗೆರೆ ಪೆನ್ನಿನ ತುದಿಯಲ್ಲೇ ಹುಟ್ಟುತ್ತಿತ್ತು. ಅವನ ಕೆನ್ನೆಯ ಬಣ್ಣ, ಕಣ್ಣಿನ ಕೆಳಗಿನ ಕಪ್ಪು, ಒದ್ದೆ ರೆಪ್ಪೆ... ಪರದೆಯನ್ನು ಅವನ ಮುಖದ ಪಕ್ಕಕ್ಕೆ ಹಿಡಿದು ನೋಡಿದಳು. ಎರಡೂ ಒಂದೇ ಆಗಿದ್ದವು.

"ಹೇಗೆ ಕಾಣ್ತಿದ್ದೀನಿ?"

"ಇದ್ದ ಹಾಗೆ. ಕಪ್ಪಗೆ, ಮೊಂಡ ಅಳುಮುಂಜಿ ಥರ."

"ಕ್ಷಮಿಸಿದ್ದೀಯಾ?"

"ಇಲ್ಲ." ಅವಳು ಪೆನ್ನು ಕೆಳಗಿಟ್ಟಳು. "ನನ್ನ ನದಿ ಪುಸ್ತಕದ ಮೇಲೆ ಬೇರೆಯವನ ಹೆಸರಿದೆ. ಅದು ನಾನು ಸಾಯೋವರೆಗೂ ಇರುತ್ತೆ. ಕ್ಲಿನಿಕ್ಕಿಗೆ ಹೋದಾಗಲೆಲ್ಲ ನೋಡ್ತೀನಿ, ಪ್ರತಿ ಸಲಾನೂ ನಿನ್ನ ಮೇಲೆ ಕೋಪ ಬರುತ್ತೆ. ಗೊತ್ತಿರಲಿ."

"ಬರಲಿ. ಎದುರಿಗೇ ಕೂತಿರ್ತೀನಿ, ಬೈಕೋ."

"ದೀಪಸ್ತಂಭಗಳಿಗೆ ಹೊರಟಿದ್ದೀನಿ. ಮುಂದಿನ ವಾರ."

'ಹೋಗ್ಲೇಬೇಕಾ' ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ನಿಂತದ್ದನ್ನು ಅವಳು ಕಂಡಳು. ಅವನು ಅದನ್ನು ನುಂಗಿದ್ದನ್ನೂ ಕಂಡಳು.

"ಹೊಟ್ಟೆ ಉರೀತಿದೆ," ಎಂದ ಅವನು. "ಆದ್ರೆ ಹೋಗು."

ವರುಷದ ಮೇಲೆ ಮೊದಲ ಸಲ ಅವಳ ಕಣ್ಣು ತುಂಬಿತು. ಕೈಚಾಚಿ ಅವನ ಒರಟು ಬೆರಳುಗಳನ್ನು ಹಿಡಿದುಕೊಂಡಳು.

"ಸಂಜೆ ಸಂಜೆ ಒಂದು ಚಿತ್ರ ಕಳಿಸ್ತೀನಿ. ಅದರಲ್ಲಿ ನಾನು ಖುಷಿಯಾಗಿದ್ರೆ ಏನು ಬರೀತೀಯ?"

"ಖುಷಿಯಾಗಿದ್ದೀಯ ಅಂತ ಬರೀತೀನಿ."

"ನಿನಗೆ ಸಂಕಟ ಆಗ್ತಿದ್ರೆ?"

"ಸಂಕಟ ಆಗ್ತಿದೆ ಅಂತ ಬರೀತೀನಿ."

"ಬಣ್ಣ ಯಾಕೋ ವಿಚಿತ್ರ ಕಂಡ್ರೆ?"

"ಆ ಕ್ಷಣವೇ ಫೋನ್ ಮಾಡಿ ಕಿರುಚ್ತೀನಿ!"

ಅವಳು ಒದ್ದೆ ಕಣ್ಣಲ್ಲೇ ನಕ್ಕಳು. ಹಣೆಯನ್ನು ಅವನ ಭುಜಕ್ಕೆ ಒರಗಿಸಿದಳು.

"ಅವತ್ತು ತಂದಿದ್ದ ಉತ್ತರ ಏನು ಗೊತ್ತಾ?"

"ಏನು?"

"ಹೂಂ."

ಅವನು ಅವಳ ಕೈ ಒತ್ತಿ ಹಿಡಿದ. "...ಇವತ್ತು?"

"ಇವತ್ತೂ ಅದೇ. ಆದ್ರೆ ಒಂದು ಮಾತು. ಏನು ಬೇಕಾದ್ರೂ ಬರಿ, 'ಚೆನ್ನಾಗಿದೆ' ಅಂತ ಮಾತ್ರ ಇನ್ನೊಂದ್ಸಲ ಬರೀಬೇಡ."